ಊಳಿಗಕ್ಕೆ ಸಂದ ಮಾನ್ಯ: ಯುರೋಪಿನ ಮೂರು ವರ್ಗಗಳು ಮತ್ತು ಹರಿಹರದ ಕಲ್ಲುಗಳು

ಸೆಪ್ಟೆಂಬರ್ ತಿಂಗಳು ಬಂತೆಂದರೆ ಕರಾವಳಿಯ ಅನೇಕ ಧರ್ಮಕೇಂದ್ರಗಳಿಂದ ಹರಿಹರದ ಆರೋಗ್ಯಮಾತೆಯ ಬಸಿಲಿಕಾಕ್ಕೆ ಯಾತ್ರಾರ್ಥಿಗಳ ಬಸ್ಸುಗಳು ಹೊರಡುವುದು ನಮ್ಮ ಓದುಗರಿಗೆ ಹೊಸ ವಿಷಯವಲ್ಲ. ಅಂಥ ಒಂದು ಯಾತ್ರೆಯಲ್ಲಿ ನಾವೂ ಇದ್ದೆವು. ಬಲಿಪೂಜೆ ಮತ್ತು ಊಟ ಮುಗಿದು ಬಸ್ಸು ಹೊರಡಲು ಇನ್ನೂ ಸಮಯವಿದ್ದುದರಿಂದ ಕೆಲವರೊಡನೆ ಊರೊಳಗಿನ ಹರಿಹರೇಶ್ವರ ದೇವಾಲಯವನ್ನು ನೋಡಲು ಹೋದೆವು. ಅಲ್ಲಿ ಸಾಲು ಸಾಲು ಅಕ್ಷರಗಳಿರುವ ದೊಡ್ಡ ಶಾಸನಗಲ್ಲುಗಳಿವೆ. ಬಂಟ್ವಾಳ ಕಡೆಯ ಹಿರಿಯರೊಬ್ಬರು ಒಂದು ಕಲ್ಲನ್ನು ಮುಟ್ಟಿ ನೋಡಿ, "ಇದರಲ್ಲಿ ಏನು ಬರೆದಿದೆ ಫಾದರ್?" ಎಂದು ಕೇಳಿದರು. ಇಂಥ ಕಲ್ಲುಗಳಲ್ಲಿ ಹೆಚ್ಚಾಗಿ ರಾಜರು ಭೂಮಿಯನ್ನೋ ಊರನ್ನೋ ದಾನ ಕೊಟ್ಟ ವಿಷಯ ಇರುತ್ತದೆ ಎಂದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಊರನ್ನೇ ಕೊಟ್ಟುಬಿಟ್ಟರೆ ಊರಲ್ಲಿದ್ದ ಒಕ್ಕಲುಗಳನ್ನು ಏನು ಮಾಡುತ್ತಿದ್ದರು?" ಎಂದರು.

ಸರಿಯಾದ ಪ್ರಶ್ನೆ. ಆ ದಿನ ನಮ್ಮಿಂದ ಅರ್ಧ ಉತ್ತರವಷ್ಟೇ ಬಂತು. ಉಳಿದ ಅರ್ಧವನ್ನು ಇಲ್ಲಿ ಬರೆಯುತ್ತಿದ್ದೇವೆ. ಮಕ್ಕಳು ಶಾಲೆಯಲ್ಲಿ ಮಧ್ಯಯುಗದ ಯುರೋಪಿನ ಬಗ್ಗೆ ಓದುವ ಪಾಠಕ್ಕೂ ಈ ಪ್ರಶ್ನೆಗೂ ನೇರ ಸಂಬಂಧವಿದೆ.

ಪಠ್ಯಪುಸ್ತಕಗಳು ಆ ಕಾಲದ ವ್ಯವಸ್ಥೆಯನ್ನು 'ಊಳಿಗಮಾನ್ಯ ಪದ್ಧತಿ' ಎಂದು ಕರೆಯುತ್ತವೆ. ಈ ಪದವನ್ನು ಬಿಡಿಸಿ ನೋಡಿದರೆ ಅರ್ಧ ಪಾಠ ತಿಳಿದಂತೆಯೇ. ಊಳಿಗ ಎಂದರೆ ಸೇವೆ, ಚಾಕರಿ. ಮಾನ್ಯ ಎಂದರೆ ತೆರಿಗೆ ಇಲ್ಲದೆ ಅಥವಾ ಅಲ್ಪ ತೆರಿಗೆಗೆ ಬಿಟ್ಟುಕೊಟ್ಟ ಭೂಮಿ. ಮಾಡಿದ ಅಥವಾ ಮಾಡಬೇಕಾದ ಸೇವೆಗೆ ಪ್ರತಿಯಾಗಿ ಸಂಬಳದ ಬದಲು ಭೂಮಿಯ ಆದಾಯವನ್ನು ಕೊಡುವುದು ಊಳಿಗಮಾನ್ಯ. ಯುರೋಪಿನಲ್ಲಿ ಇಂಥ ಭೂಮಿಗೆ ಮೊದಲು 'ಬೆನೆಫಿಸಿಯುಂ' ಎಂಬ ಲ್ಯಾಟಿನ್ ಹೆಸರಿತ್ತು, ಆಮೇಲೆ 'ಫೀಫ್' ಎಂಬ ಹೆಸರು ಬಂತು.

ಯುರೋಪಿನಲ್ಲಿ ಆದದ್ದು

ಶಾರ್ಲ್‌ಮೇನ್ ಚಕ್ರವರ್ತಿ 814ರಲ್ಲಿ ತೀರಿಕೊಂಡ ಮೇಲೆ ಅವನ ಸಾಮ್ರಾಜ್ಯವನ್ನು ಮೊಮ್ಮಕ್ಕಳು 843ರಲ್ಲಿ ಹಂಚಿಕೊಂಡರು. ಅದೇ ಕಾಲದಲ್ಲಿ ಉತ್ತರದಿಂದ ವೈಕಿಂಗರು, ಪೂರ್ವದಿಂದ ಮ್ಯಾಗ್ಯಾರರು ಕೊಳ್ಳೆ ಹೊಡೆಯಲು ಬರುತ್ತಿದ್ದರು. ದೂರದ ರಾಜನಿಂದ ರಕ್ಷಣೆ ಸಿಗುವಂತಿರಲಿಲ್ಲ. ಕುದುರೆ, ಕವಚ, ಕತ್ತಿ ಇದ್ದ ಹತ್ತಿರದ ಒಡೆಯನೇ ದಿಕ್ಕಾದನು. ಸೈನಿಕನನ್ನು ಸಾಕಲು ಅವನ ಬಳಿ ಹಣವಿರಲಿಲ್ಲ, ಭೂಮಿ ಇತ್ತು. ಹಾಗಾಗಿ ಭೂಮಿಯನ್ನೇ ಕೊಟ್ಟನು. ಪಡೆದವನು ತಲೆಯ ಮೇಲಿನ ಟೋಪಿ ತೆಗೆದು ಮೊಣಕಾಲೂರಿ, ಜೋಡಿಸಿದ ಕೈಗಳನ್ನು ಒಡೆಯನ ಕೈಗಳ ನಡುವೆ ಇಟ್ಟು, ಇನ್ನು ತಾನು ನಿನ್ನವನು ಎಂದು ಪ್ರಮಾಣ ಮಾಡುತ್ತಿದ್ದನು. ಒಡೆಯ ಅವನ ಕೈಗೆ ಒಂದು ಹೆಂಟೆ ಮಣ್ಣನ್ನೋ ಬಾವುಟವನ್ನೋ ಕೊಡುತ್ತಿದ್ದನು.

ಗುರುದೀಕ್ಷೆಯ ಪೂಜೆಯನ್ನು ನೋಡಿದವರಿಗೆ ಈ ದೃಶ್ಯ ಪರಿಚಿತವೆನಿಸಬಹುದು. ದೀಕ್ಷೆ ಪಡೆಯುವವನು ಧರ್ಮಾಧ್ಯಕ್ಷರ ಮುಂದೆ ಮೊಣಕಾಲೂರಿ, ಜೋಡಿಸಿದ ಕೈಗಳನ್ನು ಅವರ ಕೈಗಳ ನಡುವೆ ಇಟ್ಟು ವಿಧೇಯತೆಯ ವಾಗ್ದಾನ ಮಾಡುತ್ತಾನೆ. ಇದು ಸಾಮಂತನ ಪ್ರಮಾಣದಿಂದಲೇ ಬಂದ ವಿಧಿ ಎಂದು ಆರಾಧನಾ ವಿಧಿಯ ಇತಿಹಾಸಕಾರರು ಹೇಳುತ್ತಾರೆ. ನಾವು ದೀಕ್ಷೆ ಪಡೆದ ದಿನ ನಮಗೆ ಇದು ಗೊತ್ತಿರಲಿಲ್ಲ.

ಸುಮಾರು 1025ರಿಂದ 1030ರ ಹೊತ್ತಿಗೆ ಫ್ರಾನ್ಸಿನ ಲಾನ್ ಎಂಬಲ್ಲಿನ ಧರ್ಮಾಧ್ಯಕ್ಷ ಅಡಾಲ್ಬೆರೋ ರಾಜ ರಾಬರ್ಟನಿಗೆ ಒಂದು ಪದ್ಯ ಬರೆದರು. ದೇವರ ಮನೆ ಒಂದೇ ಆದರೂ ಅದರಲ್ಲಿ ಪ್ರಾರ್ಥಿಸುವವರು, ಯುದ್ಧ ಮಾಡುವವರು, ದುಡಿಯುವವರು ಎಂದು ಮೂರು ವರ್ಗಗಳಿವೆ ಎಂಬುದು ಅದರ ತಾತ್ಪರ್ಯ. ಪಾಠಗಳಲ್ಲಿ ಬರುವ ಮೂರು ವರ್ಗಗಳ ಚಿತ್ರ ಈ ಬಗೆಯ ಬರಹಗಳಿಂದಲೇ ಬಂದದ್ದು. ಇದನ್ನು ಬರೆದವರು ಮೊದಲನೆಯ ವರ್ಗಕ್ಕೆ ಸೇರಿದವರು ಎಂಬುದನ್ನು ಮರೆಯಬಾರದು. ಹಾಗಿದ್ದರೂ ಜೀತದವನ ದುಡಿಮೆ ಇಲ್ಲದೆ ಒಡೆಯರಿಗೆ ಊಟವಿಲ್ಲ ಎಂದು ಅದೇ ಪದ್ಯದಲ್ಲಿ ಅವರು ಒಪ್ಪಿಕೊಂಡಿದ್ದಾರೆ.

ಆ ಮೂರನೆಯವನ ಬದುಕು ಕಷ್ಟದ್ದಾಗಿತ್ತು. ವಾರದಲ್ಲಿ ಕೆಲವು ದಿನ ಒಡೆಯನ ಹೊಲದಲ್ಲಿ ಸಂಬಳವಿಲ್ಲದ ಕೆಲಸ. ಹಿಟ್ಟು ಬೀಸಬೇಕಾದರೆ ಒಡೆಯನ ಗಿರಣಿಯಲ್ಲೇ ಬೀಸಬೇಕು, ಅದಕ್ಕೆ ಬೇರೆ ಕೂಲಿ ಕೊಡಬೇಕು. ಮಗಳ ಮದುವೆಗೂ ಒಡೆಯನಿಗೆ ಹಣ ಸಲ್ಲಬೇಕು. ಮನೆಯ ಯಜಮಾನ ಸತ್ತರೆ ಕೊಟ್ಟಿಗೆಯ ಒಳ್ಳೆಯ ಪ್ರಾಣಿ ಒಡೆಯನ ಪಾಲು. ಒಪ್ಪಿಗೆಯಿಲ್ಲದೆ ಊರು ಬಿಡುವಂತಿಲ್ಲ. ಇದರ ಮೇಲೆ ಬೆಳೆಯ ಹತ್ತನೇ ಒಂದು ಪಾಲು, ಅಂದರೆ ದಶಾಂಶ, ಧರ್ಮಸಭೆಗೆ ಹೋಗಬೇಕು. 1086ರಲ್ಲಿ ಇಂಗ್ಲೆಂಡಿನ ರಾಜ ವಿಲಿಯಂ ಮಾಡಿಸಿದ 'ಡೂಮ್ಸ್‌ಡೇ' ದಾಖಲೆಯಲ್ಲಿ ಪ್ರತಿ ಊರಿನ ಒಡೆಯನ ಹೆಸರಿದೆ. ದುಡಿಯುವವರ ವಿಷಯದಲ್ಲಿ ಹೆಚ್ಚಾಗಿ ಇರುವುದು ತಲೆ ಲೆಕ್ಕ ಮಾತ್ರ: ಒಕ್ಕಲುಗಳು ಇಷ್ಟು, ಗುಡಿಸಲಿನವರು ಇಷ್ಟು, ಗುಲಾಮರು ಇಷ್ಟು, ನೇಗಿಲು ಇಷ್ಟು.

ತುಂಗಭದ್ರೆಯ ದಡದಲ್ಲಿ

ಈಗ ಹರಿಹರಕ್ಕೆ ಬರೋಣ. ಹರಿದ್ರಾ ಹೊಳೆ ತುಂಗಭದ್ರೆಯನ್ನು ಕೂಡುವ ಈ ಸ್ಥಳಕ್ಕೆ ಹಿಂದೆ ಕೂಡಲೂರು ಎಂಬ ಹೆಸರಿತ್ತು. ಲಾನಿನ ಧರ್ಮಾಧ್ಯಕ್ಷರು ಪದ್ಯ ಬರೆದ ಶತಮಾನದಲ್ಲಿ ಕನ್ನಡ ನಾಡಿನ ಬಹುಭಾಗ ಕಲ್ಯಾಣದ ಚಾಲುಕ್ಯರ ಕೈಯಲ್ಲಿತ್ತು. ಈಗಿನ ದಾವಣಗೆರೆ ಮತ್ತು ಚಿತ್ರದುರ್ಗದ ಸೀಮೆ 'ನೊಳಂಬವಾಡಿ 32000' ಎಂಬ ದೊಡ್ಡ ನಾಡಿನ ಭಾಗವಾಗಿತ್ತು. ಚಾಲುಕ್ಯರ ಕೆಳಗೆ ಅದನ್ನು ಆಳಿದವರು ಉಚ್ಚಂಗಿದುರ್ಗದ ಪಾಂಡ್ಯರು. ಅವರ ಬಿರುದು ಮಹಾಮಂಡಳೇಶ್ವರ. ಅವರ ಕೆಳಗೆ ನಾಡಪ್ರಭುಗಳು, ಊರುಗಳಲ್ಲಿ ಗಾವುಂಡರು, ಗಾವುಂಡರ ಕೆಳಗೆ ಒಕ್ಕಲು. ಮೇಲಿನವನು ದುರ್ಬಲನಾದರೆ ಕೆಳಗಿನವನು ಮೇಲೇರುತ್ತಿದ್ದನು. ಹೊಯ್ಸಳರೇ ಮೊದಲು ಚಾಲುಕ್ಯರ ಸಾಮಂತರಾಗಿದ್ದವರು. ಎರಡನೇ ವೀರಬಲ್ಲಾಳ 12ನೇ ಶತಮಾನದ ಕೊನೆಯ ದಶಕಗಳಲ್ಲಿ ಉಚ್ಚಂಗಿಯನ್ನು ಹಿಡಿದನು.

ಬಲ್ಲಾಳನ ಮಗ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಹರಿಹರೇಶ್ವರ ದೇವಾಲಯವನ್ನು ಕಟ್ಟಿಸಿದನು. 1268ರಲ್ಲಿ ಮೂರನೇ ನರಸಿಂಹನ ದಂಡನಾಯಕ ಸೋಮ ಅದಕ್ಕೆ ಇನ್ನಷ್ಟು ಕಟ್ಟಿಸಿದನು. ಮೈಸೂರಿನ ಬಳಿಯ ಸೋಮನಾಥಪುರವನ್ನು ನಿರ್ಮಿಸಿದವನೂ ಈ ಸೋಮನೇ. ಇಬ್ಬರೂ ಸೇನಾಪತಿಗಳು, ಅಂದರೆ ಯುದ್ಧ ಮಾಡುವ ವರ್ಗದವರು. ಅವರು ಪ್ರಾರ್ಥಿಸುವವರಿಗಾಗಿ ಕಟ್ಟಿದರು. ಹರಿಹರದ ಶಾಸನಗಳನ್ನು ಬಿ. ಎಲ್. ರೈಸ್ ಅವರು 'ಎಪಿಗ್ರಾಫಿಯಾ ಕರ್ನಾಟಕ'ದ 11ನೇ ಸಂಪುಟದಲ್ಲಿ ಅಚ್ಚು ಹಾಕಿಸಿದ್ದಾರೆ. ಆಗ ಹರಿಹರ ದಾವಣಗೆರೆ ತಾಲ್ಲೂಕಿಗೆ ಸೇರಿದ್ದುದರಿಂದ ಅವೆಲ್ಲ ದಾವಣಗೆರೆಯ ಲೆಕ್ಕದಲ್ಲಿವೆ.

ಕರ್ನಾಟಕದ ದಾನಶಾಸನಗಳಿಗೆ ಒಂದು ಸಿದ್ಧ ಕ್ರಮವಿದೆ. ಮೊದಲು ದೇವರ ಸ್ತುತಿ, ಆಮೇಲೆ ರಾಜನ ವಂಶ ಮತ್ತು ಬಿರುದುಗಳು, ಬಳಿಕ ದಾನ ಕೊಟ್ಟವನ ಗುಣಗಾನ, ಪಡೆದವರ ಗೋತ್ರ ಮತ್ತು ಹೆಸರು. ಅನಂತರ ಭೂಮಿಯ ಎಲ್ಲೆ: ಮೂಡಣಕ್ಕೆ ಹುಣಸೆಮರ, ತೆಂಕಣಕ್ಕೆ ಹಳ್ಳ, ಇಂಥ ವಿವರಗಳು. ಕೊನೆಗೆ ಈ ದಾನವನ್ನು ಕೆಡಿಸಿದವರಿಗೆ ಶಾಪ. ಬ್ರಾಹ್ಮಣರಿಗೆ ಕೊಟ್ಟ ಊರು ಅಗ್ರಹಾರ, ಅದನ್ನು ನಡೆಸುವ ಸಭೆ ಮಹಾಜನರದು. ದೇವಾಲಯಕ್ಕೆ ಕೊಟ್ಟದ್ದು ದೇವದಾನ. ಅನೇಕ ಶಾಸನಗಳಲ್ಲಿ 'ಅಷ್ಟಭೋಗ ತೇಜಸ್ವಾಮ್ಯ' ಎಂಬ ಮಾತು ಬರುತ್ತದೆ. ನಿಧಿ, ನಿಕ್ಷೇಪ, ಜಲ, ಪಾಷಾಣ ಮುಂತಾಗಿ ಎಂಟು ಬಗೆಯ ಹಕ್ಕುಗಳು ಪಡೆದವನಿಗೆ ಸೇರುತ್ತವೆ ಎಂದು ಇದರ ಅರ್ಥ. ನೆಲದೊಳಗಿನ ನಿಧಿ, ಬಾವಿಯ ನೀರು, ಕಲ್ಲು, ಮುಂದೆ ಬರಬಹುದಾದ ಆದಾಯ ಎಲ್ಲವೂ ಅದರಲ್ಲಿ ಬರುತ್ತವೆ. ಹುಣಸೆಮರವೂ ಬರುತ್ತದೆ. ಆ ಮರದ ಕೆಳಗೆ ನೇಗಿಲು ಹಿಡಿದು ನಿಂತವನು ಬರುವುದು ಬಹಳ ಅಪರೂಪ.

ನಮ್ಮ ಹಿರಿಯರ ಪ್ರಶ್ನೆಗೆ ಉತ್ತರ ಇಲ್ಲಿದೆ. ಊರನ್ನು ಕೊಟ್ಟರೆ ಒಕ್ಕಲುಗಳನ್ನು ಸಾಮಾನ್ಯವಾಗಿ ಎಬ್ಬಿಸುತ್ತಿರಲಿಲ್ಲ. ಎಬ್ಬಿಸಿದರೆ ಉಳುವವರು ಯಾರು? ರಾಜ ಕೊಟ್ಟದ್ದು ಬಹುಮಟ್ಟಿಗೆ ತನಗೆ ಬರುತ್ತಿದ್ದ ತೆರಿಗೆಯ ಹಕ್ಕನ್ನು. ನಿನ್ನೆಯವರೆಗೆ ಅರಮನೆಗೆ ಅಳೆಯುತ್ತಿದ್ದ ಜೋಳವನ್ನು ಒಕ್ಕಲಿಗ ಇಂದಿನಿಂದ ಮಹಾಜನರಿಗೋ ದೇವಾಲಯಕ್ಕೋ ಅಳೆಯಬೇಕು. ಒಡೆಯ ಬದಲಾದ, ರಾಶಿ ಬದಲಾಗಲಿಲ್ಲ. ಶಾಸನಗಳು ಹೇಳುವ ತೆರಿಗೆಗಳ ಪಟ್ಟಿ ಉದ್ದವಾಗಿದೆ. ನಿಗದಿಯಾದ ಸಿದ್ಧಾಯ, ಎಣ್ಣೆಯ ಗಾಣಕ್ಕೆ ಗಾಣದೆರೆ, ಮಗ್ಗಕ್ಕೆ ಮಗ್ಗದೆರೆ, ಮನೆಗೆ ಮನೆದೆರೆ. ಮದುವೆಗೂ ತೆರಿಗೆ ಇತ್ತು, ವಿಜಯನಗರದ ಕಾಲದಲ್ಲಿ ಅದನ್ನು ಹಲವೆಡೆ ರದ್ದು ಮಾಡಿದರೆಂದು ಶಾಸನಗಳೇ ತಿಳಿಸುತ್ತವೆ. ಇವುಗಳ ಜೊತೆಗೆ ಬಿಟ್ಟಿ, ಅಂದರೆ ಕೂಲಿಯಿಲ್ಲದ ದುಡಿಮೆ. ಇಂದು ಪುಕ್ಕಟೆ ಸಿಕ್ಕಿದ್ದನ್ನು ನಾವು ಬಿಟ್ಟಿ ಎನ್ನುತ್ತೇವೆ. ಪಡೆಯುವವನಿಗೆ ಅದು ಪುಕ್ಕಟೆ, ಮಾಡುವವನಿಗೆ ಅಲ್ಲ.

ಒಡೆಯನಿಗೂ ಆಳಿಗೂ ಇದ್ದ ನಿಷ್ಠೆಯ ಬಂಧ ಇಲ್ಲಿಯೂ ಗಟ್ಟಿಯಾಗಿತ್ತು. ಹಳೆಗನ್ನಡದಲ್ಲಿ ಅದಕ್ಕೆ 'ಜೋಳವಾಳಿ' ಎಂಬ ಪದವಿದೆ. ತಿಂದ ಜೋಳದ ಋಣ ಎಂದು ಅರ್ಥ. ಜೋಳದ ರೊಟ್ಟಿಯ ಈ ಸೀಮೆಯಲ್ಲಿ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಡೆಯ ಸತ್ತಾಗ ತಾನೂ ಪ್ರಾಣ ಬಿಡುತ್ತೇನೆಂದು ಪ್ರತಿಜ್ಞೆ ಮಾಡಿದರೆ ಅದು 'ವೇಳೆವಾಳಿ'. ಎರಡನೇ ಬಲ್ಲಾಳ ತೀರಿಕೊಂಡಾಗ ಕುವರಲಕ್ಷ್ಮ ಎಂಬ ದಂಡನಾಯಕ ಹೆಂಡತಿಯೊಡನೆ ಹಾಗೆ ಪ್ರಾಣ ಬಿಟ್ಟ ಕಥೆಯನ್ನು ಹಳೇಬೀಡಿನ ಕಂಬ ಹೇಳುತ್ತದೆ. ಯುರೋಪಿನ ಸಾಮಂತನೂ ಇಷ್ಟು ದೂರ ಹೋಗುತ್ತಿರಲಿಲ್ಲ. ದನಗಳನ್ನು ಬಿಡಿಸಿಕೊಳ್ಳಲು ಹೋರಾಡಿ ಸತ್ತವನಿಗೆ ವೀರಗಲ್ಲು ನಿಲ್ಲುತ್ತಿತ್ತು, ಅವನ ಮನೆಯವರಿಗೆ 'ನೆತ್ತರುಗೊಡಗೆ' ಎಂಬ ಭೂಮಿ ಸಿಗುತ್ತಿತ್ತು. ಸಾಮಾನ್ಯನೊಬ್ಬನ ಹೆಸರು ಕಲ್ಲನ್ನು ಏರುವ ದಾರಿಗಳಲ್ಲಿ ಮುಖ್ಯವಾದದ್ದು ಇದೇ. ಬದುಕಿ ಉತ್ತವನಿಗೆ ಆ ಭಾಗ್ಯವಿರಲಿಲ್ಲ.

ಇನ್ನೊಂದು ದಾರಿಯೂ ಇತ್ತು. ಉಚ್ಚಂಗಿಯ ಪಾಂಡ್ಯರು ಆಳುತ್ತಿದ್ದ ಆ 12ನೇ ಶತಮಾನದಲ್ಲೇ ಕಲ್ಯಾಣದಲ್ಲಿ ಶರಣರು ಕಾಯಕವನ್ನು ಎತ್ತಿ ಹಿಡಿದರು. ತಮ್ಮ ವೃತ್ತಿಯನ್ನೇ ಹೆಸರಿನಲ್ಲಿ ಹೊತ್ತ ವಚನಕಾರರು ಬಂದರು. ಅವರಲ್ಲಿ ಅಂಬಿಗರ ಚೌಡಯ್ಯನ ಹೆಸರು ಹರಿಹರದ ಆಚೆ ದಡದ ರಾಣೆಬೆನ್ನೂರು ತಾಲ್ಲೂಕಿನಲ್ಲಿ, ತುಂಗಭದ್ರೆಯ ಮೇಲಿನ ಚೌಡಯ್ಯದಾನಪುರದಲ್ಲಿ ಊರಿನ ಹೆಸರಾಗಿಯೇ ಉಳಿದಿದೆ. ದೋಣಿ ನಡೆಸುವವನ ಹೆಸರಿನ ಊರು! ಅಡಾಲ್ಬೆರೋ ಅವರ ಫ್ರಾನ್ಸಿನಲ್ಲಿ ಇದಕ್ಕೆ ಸಮನಾದದ್ದು ನಮಗೆ ನೆನಪಾಗುತ್ತಿಲ್ಲ.

ಒಂದೇ ಎನ್ನಬಹುದೇ?

ಹಾಗಾದರೆ ಯುರೋಪಿನದೂ ನಮ್ಮದೂ ಒಂದೇ ವ್ಯವಸ್ಥೆಯೇ? ವಿದ್ವಾಂಸರಲ್ಲಿ ಒಮ್ಮತವಿಲ್ಲ. ಡಿ. ಡಿ. ಕೋಸಾಂಬಿ ಮತ್ತು ಆರ್. ಎಸ್. ಶರ್ಮ ಅವರು ಭಾರತದಲ್ಲೂ ಊಳಿಗಮಾನ್ಯ ಪದ್ಧತಿ ಇತ್ತು ಎಂದು ವಾದಿಸಿದರು. ಶರ್ಮ ಅವರ ಪುಸ್ತಕ 1965ರಲ್ಲಿ ಬಂತು, ಭೂದಾನಗಳೇ ಅವರ ಮುಖ್ಯ ಆಧಾರ. ಹರ್ಬನ್ಸ್ ಮುಖಿಯಾ ಅವರು ಇದನ್ನು ಒಪ್ಪಲಿಲ್ಲ. ಭಾರತದ ರೈತ ತನ್ನ ನೇಗಿಲು, ಎತ್ತುಗಳಿಂದ ತನ್ನ ಇಚ್ಛೆಯಂತೆ ಬೇಸಾಯ ಮಾಡುತ್ತಿದ್ದನು, ಯುರೋಪಿನ ಜೀತದವನಂತೆ ಒಡೆಯನ ಹೊಲಕ್ಕೆ ಕಟ್ಟುಬಿದ್ದಿರಲಿಲ್ಲ ಎಂಬುದು ಅವರ ವಾದ. ನಾಣ್ಯದ ವಿಷಯದಲ್ಲೂ ಹೋಲಿಕೆ ಕೂಡಿಬರುವುದಿಲ್ಲ. ನಮ್ಮ ಶಾಸನಗಳಲ್ಲಿ ಗದ್ಯಾಣ, ಹೊನ್ನು, ಪಣ ಎಂಬ ನಾಣ್ಯಗಳೂ ವರ್ತಕರ ಸಂಘಗಳೂ ಮತ್ತೆ ಮತ್ತೆ ಬರುತ್ತವೆ.

ನಮ್ಮ ಮಟ್ಟಿಗೆ ದೊಡ್ಡ ವ್ಯತ್ಯಾಸ ಬೇರೊಂದು. ಯುರೋಪಿನಲ್ಲಿ ಯುದ್ಧ ಮಾಡುವವನ ಮಗ ಯೋಧ, ದುಡಿಯುವವನ ಮಗ ದುಡಿಯುವವ. ಪ್ರಾರ್ಥಿಸುವವನಿಗೆ ಮಾತ್ರ ಕಾನೂನಿನ ಪ್ರಕಾರ ಮಗನಿರಲಿಲ್ಲ. 11ನೇ ಶತಮಾನದ ಸುಧಾರಣೆಗಳು ಮತ್ತು 1139ರ ಎರಡನೇ ಲ್ಯಾಟೆರನ್ ಮಹಾಸಭೆ ಗುರುಗಳ ಬ್ರಹ್ಮಚರ್ಯವನ್ನು ಬಿಗಿಗೊಳಿಸಿದ್ದಕ್ಕೆ ಆಧ್ಯಾತ್ಮಿಕ ಕಾರಣಗಳ ಜೊತೆಗೆ ಧರ್ಮಸಭೆಯ ಭೂಮಿ ಗುರುಗಳ ಮಕ್ಕಳ ಪಾಲಾಗಬಾರದು ಎಂಬುದೂ ಒಂದು ಕಾರಣ. ಆದ್ದರಿಂದ ಆ ವರ್ಗ ಪ್ರತಿ ತಲೆಮಾರಿನಲ್ಲೂ ಉಳಿದ ಎರಡರಿಂದ ತುಂಬಿಕೊಳ್ಳಬೇಕಿತ್ತು. ದೊಡ್ಡ ಪೀಠಗಳು ದೊಡ್ಡ ಮನೆತನದ ಎರಡನೇ ಮಗನಿಗೆ ಹೋದದ್ದೇ ಹೆಚ್ಚು, ಆದರೂ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ನಮ್ಮಲ್ಲಿ ಜಾತಿ ಆ ಕಿರುಬಾಗಿಲನ್ನೂ ಮುಚ್ಚಿತ್ತು.

ಧರ್ಮಸಭೆ ಈ ವ್ಯವಸ್ಥೆಯ ಹೊರಗೆ ನಿಂತು ನೋಡುತ್ತಿತ್ತು ಎಂದು ನಾವು ಹೇಳಲಾರೆವು. ಧರ್ಮಾಧ್ಯಕ್ಷರೂ ಮಠಾಧಿಪತಿಗಳೂ ಸಾವಿರಾರು ಜೀತದವರ ಒಡೆಯರಾಗಿದ್ದರು. ಧರ್ಮಾಧ್ಯಕ್ಷನಿಗೆ ಉಂಗುರ ಮತ್ತು ದಂಡ ಕೊಡುವ ಅಧಿಕಾರ ರಾಜನದೋ ಪೋಪರದೋ ಎಂಬ ಜಗಳ 1122ರ ವೋರ್ಮ್ಸ್ ಒಪ್ಪಂದದವರೆಗೆ ಎಳೆಯಿತು. ಆ ಪೀಠದ ಹಿಂದೆ ಅಷ್ಟು ಭೂಮಿ ಇಲ್ಲದಿದ್ದರೆ ಜಗಳ ಅಷ್ಟು ದೊಡ್ಡದಾಗುತ್ತಿರಲಿಲ್ಲ. 1347ರಿಂದ ಹಬ್ಬಿದ ಪ್ಲೇಗ್ ಯುರೋಪಿನ ಜನರಲ್ಲಿ ಮೂರನೇ ಒಂದರಷ್ಟಾದರೂ ಜನರನ್ನು ಕೊಂದಿತು. ಆಳುಗಳು ಸಿಗದೆ ಕೂಲಿ ಏರಿತು. ಕೂಲಿ ಏರದಂತೆ ಇಂಗ್ಲೆಂಡ್ 1351ರಲ್ಲಿ ಕಾನೂನು ಮಾಡಿತು, 1381ರಲ್ಲಿ ರೈತರು ದಂಗೆ ಎದ್ದರು. ದಂಗೆಕೋರರಿಗೆ ಬೋಧನೆ ಮಾಡಿದ ಜಾನ್ ಬಾಲ್ ಒಬ್ಬ ಗುರು, ಅವನನ್ನು ಸರ್ಕಾರ ಕೊಂದಿತು. ದಂಗೆಕೋರರು ತಲೆ ಕಡಿದ ಸೈಮನ್ ಸಡ್ಬರಿ ಕ್ಯಾಂಟರ್ಬರಿಯ ಮಹಾಧರ್ಮಾಧ್ಯಕ್ಷರು, ರಾಜನ ಮಂತ್ರಿಯೂ ಆಗಿದ್ದರು. ಒಂದೇ ಬೇಸಿಗೆ, ಎರಡು ಕಡೆಯಲ್ಲೂ ನಮ್ಮವರೇ.

ಗುರುವಿನ ಹುದ್ದೆಗೆ ಭೂಮಿಯ ಆದಾಯವನ್ನು ಅಂಟಿಸುವ ಪದ್ಧತಿಗೆ ಧರ್ಮಸಭೆಯ ಕಾನೂನಿನಲ್ಲಿ 'ಬೆನೆಫಿಸ್' ಎಂಬ ಹೆಸರೇ ಉಳಿದಿತ್ತು. ಅದನ್ನು ಕೈಬಿಡಬೇಕು, ಇಲ್ಲವೇ ಸುಧಾರಿಸಬೇಕು ಎಂದು ಹೇಳಿದ್ದು 1965ರಲ್ಲಿ, ಎರಡನೇ ವ್ಯಾಟಿಕನ್ ಮಹಾಸಭೆ ಗುರುಗಳ ಸೇವೆಯ ಬಗ್ಗೆ ಹೊರಡಿಸಿದ ಪತ್ರದಲ್ಲಿ.

ಪಾಳೆಗಾರರಿಂದ ಪೇಟೆಗೆ

ಹೊಯ್ಸಳರ ನಂತರದ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇವೆ. ವಿಜಯನಗರದ ಅರಸರು ನಾಯಕರಿಗೆ ಸೀಮೆಗಳನ್ನು ಕೊಟ್ಟು ಸೈನ್ಯ ಮತ್ತು ಕಪ್ಪ ಪಡೆದರು. ವಿಜಯನಗರ ಬಿದ್ದ ಮೇಲೆ ಆ ನಾಯಕರೇ ಪಾಳೆಗಾರರಾದರು. ಚಿತ್ರದುರ್ಗ, ಹರಪನಹಳ್ಳಿ, ತರೀಕೆರೆಯವರು ಈ ಸೀಮೆಗಾಗಿ ಕಾದಾಡಿದರು. ಸಂತೆಬೆನ್ನೂರಿನ ಸುಂದರ ಪುಷ್ಕರಣಿ ಕಟ್ಟಿಸಿದ ಮನೆತನವೇ ತರೀಕೆರೆಯದು, ಹರಿಹರದ ಕೋಟೆಯೂ ಅವರದೇ. ದಾವಣಗೆರೆ ಬಳಿಯ ಮಾಯಕೊಂಡದಲ್ಲಿ 1748ರಲ್ಲಿ ಚಿತ್ರದುರ್ಗದ ನಾಯಕ ಯುದ್ಧದಲ್ಲಿ ಬಿದ್ದನು. ಹರಿಹರ 1763ರಲ್ಲಿ ಹೈದರಾಲಿಯ ವಶವಾಯಿತು.

ದಾವಣಗೆರೆ ಅಲ್ಲಿಯವರೆಗೆ ಬೇತೂರಿನ ಪಕ್ಕದ ಒಂದು ಸಣ್ಣ ಹಳ್ಳಿ. ಹೈದರಾಲಿ ಅದನ್ನು ಅಪ್ಪಾಜಿರಾಮ ಎಂಬ ಮರಾಠ ಮುಖಂಡನಿಗೆ ಜಹಗೀರು ಕೊಟ್ಟನು. ಇದೂ ಊಳಿಗಕ್ಕೆ ಮಾನ್ಯವೇ. ಆದರೆ ಆತ ವರ್ತಕರನ್ನು ಕರೆದು ನೆಲೆ ನಿಲ್ಲಿಸಿದನು. ಜಹಗೀರು ಹೋಯಿತು, ಪೇಟೆ ಉಳಿಯಿತು. ಯುರೋಪಿನಲ್ಲಿ ಓಡಿಬಂದ ಜೀತದವನು ಪಟ್ಟಣದಲ್ಲಿ ಒಂದು ವರ್ಷ ಒಂದು ದಿನ ಕಳೆದರೆ ಸ್ವತಂತ್ರ ಎಂಬ ರೂಢಿ ಅನೇಕ ಕಡೆ ಇತ್ತು. ಇಲ್ಲಿ ಅಂಥ ಕಾನೂನಿರಲಿಲ್ಲ. ಆದರೂ 20ನೇ ಶತಮಾನದಲ್ಲಿ ದಾವಣಗೆರೆಯ ಹತ್ತಿಯ ಗಿರಣಿಗಳಿಗೂ, 1941ರಲ್ಲಿ ಹರಿಹರದಲ್ಲಿ ಆರಂಭವಾಗಿ ಈಗ ಮುಚ್ಚಿಹೋಗಿರುವ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಗೂ ಸುತ್ತಲ ಹಳ್ಳಿಗಳಿಂದ ಬಂದು ತಿಂಗಳ ಸಂಬಳ ಎಣಿಸಿದವರಿಗೆ ಪೇಟೆಯ ಗಾಳಿ ಬೇರೆಯೇ ಎನಿಸಿರಬೇಕು.

ಮಾನ್ಯದ ವ್ಯವಸ್ಥೆ ಫ್ರಾನ್ಸಿನಲ್ಲಿ 1789ರ ಆಗಸ್ಟ್ 4ರ ಒಂದು ರಾತ್ರಿಯ ನಿರ್ಣಯದಿಂದ ಮುರಿಯಿತು. ನಮ್ಮಲ್ಲಿ ಅದು ಕಂತು ಕಂತಾಗಿ ಹೋಯಿತು. ಮೈಸೂರು ರಾಜ್ಯ 1954 ಮತ್ತು 1955ರ ಕಾಯಿದೆಗಳಿಂದ ಖಾಸಗಿ ಮತ್ತು ಧಾರ್ಮಿಕ ಇನಾಮುಗಳನ್ನು ರದ್ದು ಮಾಡಿತು, ಭೂಮಿ ಬಿಟ್ಟ ದೇವಾಲಯಗಳಿಗೆ ತಸ್ತೀಕು ಎಂಬ ವಾರ್ಷಿಕ ಹಣ ಗೊತ್ತಾಯಿತು. ಗೌಡ, ಶಾನುಭೋಗ, ತಳವಾರ, ತೋಟಿ, ನೀರಗಂಟಿಗಳ ವಂಶಪಾರಂಪರ್ಯ ಹುದ್ದೆಗಳು 1961ರ ಕಾಯಿದೆಯಿಂದ ಹೋದವು. ತೋಟಿಯ ಮಾನ್ಯವನ್ನೂ ಜಹಗೀರುದಾರನ ಮಾನ್ಯವನ್ನೂ ಒಂದೇ ಪದದಿಂದ ಕರೆಯುತ್ತಿದ್ದರೆಂಬುದು ಭಾಷೆಯ ಒಂದು ಕ್ರೂರ ತಮಾಷೆ.

ಕೊನೆಗೆ ಬಂದದ್ದು ನಮ್ಮ ಕರಾವಳಿಯ ಮನೆಮನೆಗೂ ಗೊತ್ತಿರುವ ಭೂಸುಧಾರಣೆ. ದೇವರಾಜ ಅರಸು ಅವರ ಸರ್ಕಾರದ ತಿದ್ದುಪಡಿಯಂತೆ 1974ರ ಮಾರ್ಚ್ 1ರಂದು ಗೇಣಿಯ ಭೂಮಿಗಳು ಸರ್ಕಾರಕ್ಕೆ ಸೇರಿದವು. ಉಳುವವನು 'ಫಾರಂ ನಂಬರ್ 7' ತುಂಬಿ ಭೂನ್ಯಾಯಮಂಡಳಿಗೆ ಕೊಡಬೇಕಿತ್ತು, 1979ರ ಜೂನ್ 30 ಕೊನೆಯ ದಿನ. ಚಾಲಗೇಣಿಯ ಒಕ್ಕಲಾಗಿದ್ದ ನಮ್ಮ ಎಷ್ಟೋ ಕುಟುಂಬಗಳು ಆಗ ಭೂಮಿಯ ಒಡೆತನ ಪಡೆದವು. ಧಣಿಗಳ ಸಾಲಿನಲ್ಲಿದ್ದ ನಮ್ಮವರು ಕಳೆದುಕೊಂಡರು, ಅವರ ಮನೆಗಳಲ್ಲಿ ಆ ನೋವು ಇಂದಿಗೂ ಪೂರ್ತಿ ಆರಿಲ್ಲ. ಗೇಣಿಯೂ ಇಲ್ಲದೆ ಬರೀ ಕೂಲಿ ಮಾಡುತ್ತಿದ್ದವರಿಗೆ, ಅವರಲ್ಲಿ ಹೆಚ್ಚಿನವರು ದಲಿತರು, ಫಾರಂ 7ರಿಂದ ಏನೂ ಸಿಗಲಿಲ್ಲ. ಜೀತ ಪದ್ಧತಿಯನ್ನು ರದ್ದು ಮಾಡುವ ಕೇಂದ್ರದ ಕಾಯಿದೆ 1976ರಲ್ಲಿ ಬಂದರೂ ಭೂಮಿಯ ಪ್ರಶ್ನೆ ಅವರ ಪಾಲಿಗೆ ಹಾಗೆಯೇ ಉಳಿಯಿತು.

ಹರಿಹರದಿಂದ ಹಿಂದಿರುಗುವ ಬಸ್ಸಿನಲ್ಲಿ, ಹೊನ್ನಾಳಿ ದಾಟಿದ ಮೇಲೆ, ಆ ಹಿರಿಯರು ನಮ್ಮ ಪಕ್ಕಕ್ಕೆ ಬಂದು ಕುಳಿತರು. ತಮ್ಮ ತಂದೆಗೆ ಓದು ಬರಹ ಬರುತ್ತಿರಲಿಲ್ಲವೆಂದೂ, ಫಾರಂ 7ನ್ನು ಆಗಿನ ವಿಗಾರರು ಚರ್ಚಿನ ಜಗಲಿಯಲ್ಲಿ ಕುಳಿತು ತುಂಬಿ ಕೊಟ್ಟರೆಂದೂ ಹೇಳಿದರು. ನ್ಯಾಯಮಂಡಳಿಯ ಆದೇಶದ ಪ್ರತಿ ಈಗಲೂ ಅವರ ಮನೆಯ ಕಪಾಟಿನಲ್ಲಿದೆಯಂತೆ. ಅದರಲ್ಲಿ ಸರ್ವೆ ನಂಬರು, ಒಂದು ಎಕರೆ ಚಿಲ್ಲರೆ ಗದ್ದೆ, ಗುಡ್ಡೆಯ ಸ್ವಲ್ಪ ಜಾಗ, ನಾಲ್ಕು ಕಡೆಯ ಎಲ್ಲೆ ಎಲ್ಲ ಬರೆದಿದೆ. "ಮೊದಲ ಗೆರೆಯಲ್ಲೇ ಅಪ್ಪನ ಹೆಸರು ಉಂಟು ಫಾದರ್," ಎಂದರು.